ಕಲ್ಲು ಆರಿಸುವುದನ್ನು ಬಿಟ್ಟವರು

1945ರ ಆಗಸ್ಟ್ 15ರ ನಡುಮಧ್ಯಾಹ್ನ ಜಪಾನಿನ ಜನ ರೇಡಿಯೊಗಳ ಮುಂದೆ ತಲೆತಗ್ಗಿಸಿ ನಿಂತಿದ್ದರು. ಚಕ್ರವರ್ತಿಯ ದನಿಯನ್ನು ಸಾಮಾನ್ಯರು ಅದುವರೆಗೆ ಕೇಳಿರಲಿಲ್ಲ. ಹಿಂದಿನ ರಾತ್ರಿ ತಟ್ಟೆಯ ಮೇಲೆ ಮುದ್ರಿಸಿಟ್ಟಿದ್ದ ಭಾಷಣ ಪ್ರಸಾರವಾಯಿತು. ಎಷ್ಟೋ ಮಂದಿಗೆ ಅದು ಅರ್ಥವಾಗಲಿಲ್ಲ. ಆಸ್ಥಾನದ ಹಳೆಯ ಭಾಷೆ ಒಂದು ಕಡೆ, ರೇಡಿಯೊದ ಗೊರಗೊರ ಇನ್ನೊಂದು ಕಡೆ. ದೇಶ ಸೋತಿತೋ, ಇನ್ನೂ ಹೋರಾಡಬೇಕೋ ಎಂದು ಪಕ್ಕದವರನ್ನು ಕೇಳಿ ತಿಳಿದುಕೊಂಡವರುಂಟು.

ಎರಡು ವಾರ ಕಳೆದ ಕೂಡಲೇ ಜನರಲ್ ಮೆಕಾರ್ಥರ್ ಬಂದಿಳಿದ. ಸೋತ ದೇಶದ ಆಡಳಿತ ಅವನ ಕೈಗೆ ಬಂತು. ಆಜ್ಞೆ ಹೊರಡಿಸಬೇಕು, ಅದು ಹಳ್ಳಿಹಳ್ಳಿಗೂ ಮುಟ್ಟಬೇಕು. ಬಾಂಬಿಗೆ ಸಿಕ್ಕ ಊರುಗಳಲ್ಲಿ ಟೆಲಿಫೋನ್ ತಂತಿ ಉಳಿದಿರಲಿಲ್ಲ. ಮನೆಗೊಂದು ರೇಡಿಯೊ ಕೊಡೋಣವೆಂದರೆ ರೇಡಿಯೊ ಮಾಡುವ ಕಾರ್ಖಾನೆಗಳು ಬೂದಿಯಾಗಿದ್ದವು. ಬದುಕಿ ಉಳಿದ ಕಾರ್ಖಾನೆಗಳಿಂದ ಬರುತ್ತಿದ್ದ ವಾಲ್ವುಗಳಲ್ಲಿ ಕೆಲವು ಬೆಳಗುತ್ತಿದ್ದವು, ಕೆಲವು ಇಲ್ಲ. ಯಾವುದು ಬೆಳಗುತ್ತದೆ, ಯಾವುದು ಇಲ್ಲ ಎಂದು ಮಾಡಿದವರಿಗೂ ಗೊತ್ತಿರುತ್ತಿರಲಿಲ್ಲ. ‘ಜಪಾನಿನ ಮಾಲು’ ಎಂದರೆ ಅಗ್ಗದ, ಬೇಗ ಮುರಿಯುವ ಮಾಲು ಎಂದು ಲೋಕವೆಲ್ಲ ಆಡಿಕೊಳ್ಳುತ್ತಿದ್ದ ಕಾಲ ಅದು.

ಈ ಕೆಲಸಕ್ಕೆಂದು ಮೆಕಾರ್ಥರನ ಕಚೇರಿಯಲ್ಲಿ ನಾಗರಿಕ ಸಂಪರ್ಕ ವಿಭಾಗ ಎಂಬುದೊಂದಿತ್ತು. 1946ರಲ್ಲಿ ಆ ವಿಭಾಗಕ್ಕೆ ಹೋಮರ್ ಸಾರಾಸೋನ್ ಎಂಬ ರೇಡಿಯೊ ಎಂಜಿನಿಯರನಿಗೆ ಬುಲಾವು ಹೋಯಿತು. ವಯಸ್ಸು ಮೂವತ್ತರ ಆಸುಪಾಸು. ಮೆಕಾರ್ಥರ್ ಹೆಸರಿನಲ್ಲಿ ತಂತಿ ಬಂದಾಗ ಯಾರೋ ಗೆಳೆಯರು ತಮಾಷೆ ಮಾಡುತ್ತಿದ್ದಾರೆಂದು ಅವನು ಸುಮ್ಮನಾದನಂತೆ. ತಮಾಷೆಯಲ್ಲ ಎಂದು ತಿಳಿದ ಮೇಲೆ ಹೊರಟ. ಎಂಟೊಂಬತ್ತು ತಿಂಗಳಿಗೆಂದು ಹೋದವನು ಉಳಿದದ್ದು ನಾಲ್ಕು ವರ್ಷ.

ಅವನ ಕಥೆಯನ್ನು ಮುಂದುವರಿಸುವ ಮೊದಲು ಇಪ್ಪತ್ತು ವರ್ಷ ಹಿಂದಕ್ಕೆ, ಷಿಕಾಗೊ ಪಕ್ಕದ ಹಾಥಾರ್ನ್ ಎಂಬಲ್ಲಿಗೆ ಹೋಗಿಬರಬೇಕು. ಅವನು ಜಪಾನಿಗೆ ಕೊಂಡೊಯ್ದ ಬೀಜ ಮೊಳೆತದ್ದು ಅಲ್ಲಿ.

ಹಾಥಾರ್ನ್ ಕಾರ್ಖಾನೆ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯದು. ಅಮೆರಿಕದ ಟೆಲಿಫೋನುಗಳೆಲ್ಲ ಹೆಚ್ಚುಕಡಿಮೆ ಅಲ್ಲಿಯೇ ಹುಟ್ಟುತ್ತಿದ್ದವು. 1920ರ ದಶಕದಲ್ಲಿ ಅಲ್ಲಿ ಸುಮಾರು 40,000 ಜನ ದುಡಿಯುತ್ತಿದ್ದರು. ಅವರಲ್ಲಿ 5,000ಕ್ಕೂ ಹೆಚ್ಚು ಜನರ ಕೆಲಸ ಬರೀ ತಪಾಸಣೆ. ಉಳಿದವರು ಮಾಡುವುದು, ಇವರು ನೋಡುವುದು. ಒಳ್ಳೆಯದು ಈ ಕಡೆ, ಕೆಟ್ಟದ್ದು ಆ ಕಡೆ. ನಮ್ಮ ಮನೆಗಳಲ್ಲಿ ಮೊರ ಹಿಡಿದು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರಲ್ಲ, ಅದೇ ಕೆಲಸವನ್ನು ಐದು ಸಾವಿರ ಜನ ಸಂಬಳಕ್ಕೆ ಮಾಡುತ್ತಿದ್ದರು. ಎಷ್ಟು ಆರಿಸಿದರೂ ಒಂದೆರಡು ಕಲ್ಲು ಉಳಿದೇ ಇರುತ್ತವೆ, ಹಲ್ಲಿಗೆ ಸಿಕ್ಕೇ ಸಿಗುತ್ತವೆ. ಟೆಲಿಫೋನಿನವರಿಗೆ ಇದು ದುಬಾರಿ ಕಲ್ಲು. ದೂರದ ಕರೆಗೆ ಬೇಕಾದ ಉಪಕರಣಗಳನ್ನು ನೆಲದಡಿ ಹೂಳುತ್ತಿದ್ದರು. ಒಂದು ಕೆಟ್ಟರೆ ರಸ್ತೆ ಅಗೆಯಬೇಕು.

1924ರ ಮೇ 16ರಂದು ಅದೇ ಕಂಪನಿಯ ವಾಲ್ಟರ್ ಶೂಹಾರ್ಟ್ ಎಂಬ ಭೌತವಿಜ್ಞಾನಿ ತನ್ನ ಮೇಲಧಿಕಾರಿಗೆ ಒಂದು ಟಿಪ್ಪಣಿ ಕಳಿಸಿದ. ಒಂದು ಪುಟವೂ ಪೂರ್ತಿ ಇರಲಿಲ್ಲ, ಅದರಲ್ಲಿಯೂ ಮೂರನೆಯ ಒಂದು ಪಾಲು ಬರೀ ಚಿತ್ರ. ಇವತ್ತು ಕಂಟ್ರೋಲ್ ಚಾರ್ಟ್ ಎಂದು ಕಾರ್ಖಾನೆ ಗೋಡೆಗಳ ಮೇಲೆ ಕಾಣುವುದು ಆ ಚಿತ್ರದ ಸಂತತಿ.

ಶೂಹಾರ್ಟ್ ಹೇಳಿದ್ದನ್ನು ಜೋಳದ ರೊಟ್ಟಿಯಿಂದ ಹೇಳಬಹುದು. ಒಂದೇ ಕೈ, ಒಂದೇ ಹಿಟ್ಟು, ಒಂದೇ ಹಂಚು. ಆದರೂ ಒಂದು ರೊಟ್ಟಿ ಇನ್ನೊಂದರ ಹಾಗಿರುವುದಿಲ್ಲ. ಒಂದು ಕೂದಲೆಳೆಯಷ್ಟು ದಪ್ಪ, ಒಂದು ತೆಳು. ಇದು ಕೈಯ ಸಹಜ ಏರುಪೇರು, ಇದರ ಹಿಂದೆ ಬಿದ್ದು ಫಲವಿಲ್ಲ. ಪ್ರತಿ ರೊಟ್ಟಿಗೂ ಉರಿ ಹೆಚ್ಚಿಸಿ ತಗ್ಗಿಸಿ ಮಾಡುತ್ತ ಹೋದರೆ ಇದ್ದದ್ದೂ ಕೆಡುತ್ತದೆ. ಆದರೆ ನಾಲ್ಕು ರೊಟ್ಟಿ ಸಾಲಾಗಿ ಒಂದೇ ಮಗ್ಗುಲಲ್ಲಿ ಸೀದರೆ ಅದು ಏರುಪೇರಲ್ಲ, ಹಂಚು ವಾಲಿದೆ ಎಂದರ್ಥ. ಒಲೆಯತ್ತ ನೋಡಬೇಕು. ಈ ಎರಡನ್ನೂ ಬೇರ್ಪಡಿಸಲು ಶೂಹಾರ್ಟ್ ಎರಡು ಗೆರೆ ಎಳೆದ. ಅಳತೆಯ ಚುಕ್ಕೆಗಳು ಗೆರೆಗಳ ನಡುವೆ ಅಲೆದಾಡುತ್ತಿದ್ದರೆ ಸುಮ್ಮನಿರಿ, ಗೆರೆ ದಾಟಿದರೆ ಕೂಡಲೇ ಕಾರಣ ಹುಡುಕಿ. ಆ ಗೆರೆಗಳನ್ನು ಎಲ್ಲಿ ಎಳೆಯಬೇಕೆಂಬುದಕ್ಕೆ ಗಣಿತ ಒದಗಿಸಿದ್ದೇ ಅವನ ಹೆಚ್ಚುಗಾರಿಕೆ. ಅಂದರೆ ಕಲ್ಲು ಆರಿಸುತ್ತ ಕೂರಬೇಡಿ, ಕಣ ಸರಿಯಾಗಿ ಸಾರಿಸಿದ್ದೀರಾ ನೋಡಿ ಎಂದ ಹಾಗಾಯಿತು. 1931ರಲ್ಲಿ ಅವನ ಪುಸ್ತಕ ಬಂತು. ಓದಲು ಕಠಿಣ. ಕಾರ್ಖಾನೆಗಳಲ್ಲಿ ಅದರ ಪಾಠ ಹರಡಿದ್ದು ಎರಡನೆಯ ಮಹಾಯುದ್ಧ ಬಂದು, ಸರ್ಕಾರವೇ ಮದ್ದುಗುಂಡು ಮಾಡುವವರಿಗೆ ತರಗತಿ ನಡೆಸಿದ ಮೇಲೆ. ಯುದ್ಧ ಮುಗಿಯಿತು, ತರಗತಿಗಳೂ ಮುಗಿದವು. ಏನು ಮಾಡಿದರೂ ಮಾರಾಟವಾಗುವ ಕಾಲ ಬಂದಾಗ ಅಮೆರಿಕದ ಯಜಮಾನರಿಗೆ ಚುಕ್ಕೆ, ಗೆರೆ ಯಾತಕ್ಕೆ?

ಈಗ ಟೋಕಿಯೊಗೆ ಮರಳೋಣ. ಸಾರಾಸೋನನಿಗಿಂತ ಮೊದಲೇ ಅದೇ ವಿಭಾಗದ ಮ್ಯಾಗಿಲ್ ಎಂಬ ಎಂಜಿನಿಯರ್ ಎನ್‌ಇಸಿ ಕಾರ್ಖಾನೆಯಲ್ಲಿ ವಾಲ್ವುಗಳ ಮೇಲೆ ಶೂಹಾರ್ಟನ ವಿಧಾನವನ್ನು ಪ್ರಯೋಗಿಸಿದ್ದ. ಚಾರ್ಟು ಕಲಿಸುವುದು ಕಷ್ಟವಾಗಲಿಲ್ಲ. ಕಷ್ಟವಿದ್ದದ್ದು ಬೇರೆ ಕಡೆ. ಯುದ್ಧಕ್ಕೆ ಒತ್ತಾಸೆಯಾಗಿದ್ದ ದೊಡ್ಡ ಯಜಮಾನರನ್ನೆಲ್ಲ ಅಮೆರಿಕನ್ನರು ಹುದ್ದೆಯಿಂದ ಇಳಿಸಿದ್ದರು. ಅವರ ಕುರ್ಚಿಗೆ ಬಂದ ಎರಡನೆಯ ಸಾಲಿನವರಿಗೆ ಕಾರ್ಖಾನೆ ನಡೆಸಿ ಅಭ್ಯಾಸವಿರಲಿಲ್ಲ. ಅಪ್ಪಣೆ ಪಾಲಿಸಿ ಗೊತ್ತೇ ಹೊರತು ಮಾಡಿ ಗೊತ್ತಿಲ್ಲ. ಮಾಲು ಕೆಟ್ಟದಾಗಲು ಕೆಲಸಗಾರನ ಕೈ ಕಾರಣವಲ್ಲ, ಮೇಲೆ ಕೂತವರಿಗೆ ಕಾರ್ಖಾನೆಯನ್ನು ಒಂದಾಗಿ ನೋಡಲು ಬರುವುದಿಲ್ಲ ಎಂಬ ತೀರ್ಮಾನಕ್ಕೆ ಸಾರಾಸೋನ್ ಬಂದ. 1948ರಲ್ಲಿ ಚಾರ್ಲ್ಸ್ ಪ್ರಾಟ್ಜ್‌ಮನ್ ಬಂದು ಸೇರಿದ. ವೆಸ್ಟರ್ನ್ ಎಲೆಕ್ಟ್ರಿಕ್‌ನ ಮನುಷ್ಯ, ಅದೇ ಹಾಥಾರ್ನ್ ಮನೆತನದವನು. ಇಬ್ಬರೂ ಸೇರಿ ಯಜಮಾನರಿಗೆಂದೇ ಒಂದು ಪಾಠಕ್ರಮ ಹೊಸೆದರು.

ಅದಕ್ಕೆ ಅಡ್ಡಗಾಲು ಬಂದದ್ದು ಅಮೆರಿಕನ್ನರಿಂದಲೇ. ಮೆಕಾರ್ಥರನ ಆರ್ಥಿಕ ವಿಭಾಗದವರು, ಇದನ್ನೆಲ್ಲ ಕಲಿಸಿದರೆ ನಾಳೆ ಇವರು ನಮಗೇ ಎದುರಾಳಿಗಳಾಗುತ್ತಾರೆ ಎಂದರು. ವ್ಯಾಜ್ಯ ಜನರಲ್ ಮುಂದೆ ಹೋಯಿತು. ಸಾರಾಸೋನ್ ಮುಂದೆ ನೆನಪಿಸಿಕೊಂಡ ಪ್ರಕಾರ ಎರಡೂ ಕಡೆಗೆ ಇಪ್ಪತ್ತಿಪ್ಪತ್ತು ನಿಮಿಷ ಸಿಕ್ಕಿತು. ಮೆಕಾರ್ಥರ್ ಪೈಪ್ ಸೇದುತ್ತ ಮಾತಿಲ್ಲದೆ ಕೇಳಿದ, ಎದ್ದ, ಬಾಗಿಲವರೆಗೆ ಹೋದ. ಮುಗಿಯಿತು ಕಥೆ ಎಂದುಕೊಂಡ ಸಾರಾಸೋನ್. ಆಗ ಜನರಲ್ ಹಿಂದಿರುಗಿ ನೋಡಿ, ಹೋಗಿ ಮಾಡು ಎಂದಷ್ಟೇ ಹೇಳಿ ಹೊರಟುಹೋದನಂತೆ. ಆರ್ಥಿಕ ವಿಭಾಗದವರ ಭಯ ಸುಳ್ಳಾಗಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮೂವತ್ತು ವರ್ಷ ತಡವಾಗಿ ನಿಜವಾಯಿತು, ಅಷ್ಟೆ.

1949ರ ಶರತ್ಕಾಲದಲ್ಲಿ ಟೋಕಿಯೊದಲ್ಲಿ, ಆಮೇಲೆ ಒಸಾಕಾದಲ್ಲಿ ತರಗತಿ ನಡೆಯಿತು. ಎಂಟು ವಾರ, ವಾರಕ್ಕೆ ನಾಲ್ಕು ದಿನ, ದಿನಕ್ಕೆ ನಾಲ್ಕು ಗಂಟೆ. ಪಠ್ಯವನ್ನು ಇಬ್ಬರೇ ಕೂತು ಬರೆದಿದ್ದರು. ಅದು ಶುರುವಾಗುವುದು ಚಾರ್ಟಿನಿಂದಲ್ಲ, ಒಂದು ಪ್ರಶ್ನೆಯಿಂದ: ಕಂಪನಿ ಯಾಕೆ ಇರಬೇಕು? ಲಾಭಕ್ಕೆ ಎಂದು ಬಂದವರೆಲ್ಲ ಹೇಳಿಯಾರು. ಪಠ್ಯ ಅಮೆರಿಕದ ಒಂದು ಹಡಗು ಕಟ್ಟೆಯ ಧ್ಯೇಯವಾಕ್ಯವನ್ನು ಅವರ ಮುಂದಿಟ್ಟಿತು. ಸಾಧ್ಯವಾದರೆ ಲಾಭಕ್ಕೆ, ಬೇಕಾದರೆ ನಷ್ಟಕ್ಕೆ, ಹೇಗಾದರೂ ನಾವು ಕಟ್ಟುವುದು ಒಳ್ಳೆಯ ಹಡಗನ್ನೇ ಎಂಬುದು ಅದರ ತಾತ್ಪರ್ಯ. ಬಾಂಬು ಬಿದ್ದ ನಗರದಲ್ಲಿ, ಬಡಕಲು ಶರೀರದ ಮ್ಯಾನೇಜರುಗಳಿಗೆ ಗೆದ್ದ ದೇಶದ ಯುವಕನೊಬ್ಬ ಇದನ್ನು ಬೋಧಿಸಿದ್ದನ್ನು ನೆನೆದರೆ ನನಗೆ ಸ್ವಲ್ಪ ನಗೆಯೂ ಬರುತ್ತದೆ. ಆದರೆ ಕೇಳಿದವರು ನಗಲಿಲ್ಲ. ಮಿತ್ಸುಬಿಷಿ ಎಲೆಕ್ಟ್ರಿಕ್, ಫುಜಿತ್ಸು, ಸುಮಿತೊಮೊ ಎಲೆಕ್ಟ್ರಿಕ್‌ಗಳ ಮುಂದಿನ ಮುಖ್ಯಸ್ಥರು ಆ ಬೆಂಚುಗಳಲ್ಲಿ ಕೂತಿದ್ದರು. ಮತ್ಸುಶಿತಾ ಕಂಪನಿಯ ಸಂಸ್ಥಾಪಕನ ಅಳಿಯ ಮಸಾಹರು ಮತ್ಸುಶಿತಾ ಕೂಡ ಇದ್ದ. ಈ ಅಳಿಯನ ಹೆಸರು ನೆನಪಿರಲಿ. ಅಮೆರಿಕನ್ನರು ಊರಿಗೆ ಹೊರಟ ಮೇಲೂ ಜಪಾನೀಯರು ಅದೇ ಪಾಠವನ್ನು ತಾವೇ ವರ್ಷಗಟ್ಟಲೆ ನಡೆಸಿಕೊಂಡು ಬಂದರು.

1950ರ ಬೇಸಿಗೆಯಲ್ಲಿ ಬಂದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ ಕಥೆ ಎಲ್ಲರಿಗೂ ಗೊತ್ತಿರುವಂಥದು, ಹಾಗಾಗಿ ಚುಟುಕಾಗಿ ಹೇಳುತ್ತೇನೆ. ಅವನು ಶೂಹಾರ್ಟನ ಶಿಷ್ಯಸಮಾನ. ಓದುವ ದಿನಗಳಲ್ಲಿ ಬೇಸಿಗೆ ರಜೆಗೆ ಹಾಥಾರ್ನ್‌ನಲ್ಲಿ ದುಡಿದವನು. ಜಪಾನಿನ ವಿಜ್ಞಾನಿ-ಎಂಜಿನಿಯರುಗಳ ಒಕ್ಕೂಟ ಅವನನ್ನು ಕರೆಸಿ ಎಂಟು ದಿನದ ಪಾಠ ಏರ್ಪಡಿಸಿತು. ಜುಲೈ 13ರ ರಾತ್ರಿ ಕಂಪನಿಗಳ 21 ಯಜಮಾನರಿಗೆ ಊಟ ಹಾಕಿಸಿ ಅವನ ಮಾತು ಕೇಳಿಸಿತು. ಉಪನ್ಯಾಸದ ಪುಸ್ತಕದಿಂದ ಬಂದ ಗೌರವಧನವನ್ನು ಅವನು ತೆಗೆದುಕೊಳ್ಳಲಿಲ್ಲ. ಆ ಹಣದಿಂದ 1951ರಲ್ಲಿ ಡೆಮಿಂಗ್ ಪ್ರಶಸ್ತಿ ಹುಟ್ಟಿತು. ಮರುವರ್ಷ ಪಡೆದವರಲ್ಲಿ ಮ್ಯಾಗಿಲ್ ವಾಲ್ವು ಪರೀಕ್ಷಿಸಿದ್ದ ಎನ್‌ಇಸಿ ಇತ್ತು. ಹೂಹಾರವೆಲ್ಲ ಡೆಮಿಂಗ್ ಕೊರಳಿಗೇ ಬಿತ್ತು. ಯೋಗ್ಯನೇ ಸರಿ. ಆದರೆ ಅವನು ಬಿತ್ತಿದ್ದು ಉತ್ತ ಹೊಲದಲ್ಲಿ. ಉತ್ತವರ ಹೆಸರು ಜನರ ಬಾಯಲ್ಲಿ ಉಳಿಯಲಿಲ್ಲ.

ಪಾಠ ಕೇಳಿದ್ದೇ ಎಲ್ಲ ಸರಿಹೋಯಿತೆಂದು ತಿಳಿಯಬಾರದು. ಮುಂದೆ ಸೋನಿ ಎಂದು ಹೆಸರಾದ ಪುಟ್ಟ ಕಂಪನಿ ವೆಸ್ಟರ್ನ್ ಎಲೆಕ್ಟ್ರಿಕ್‌ನಿಂದ ಟ್ರಾನ್ಸಿಸ್ಟರ್ ಪರವಾನಗಿ ಕೊಂಡಿತು. ಇದರಿಂದ ಕಿವಿಯ ಯಂತ್ರ ಮಾಡಬಹುದು, ರೇಡಿಯೊ ಬೇಡ ಎಂದು ಮಾರಿದವರು ಬುದ್ಧಿ ಹೇಳಿದ್ದರು. ನೂರು ಟ್ರಾನ್ಸಿಸ್ಟರ್ ಮಾಡಿದರೆ ಐದು ಕೆಲಸಕ್ಕೆ ಬರುತ್ತಿದ್ದ ಹಂತದಲ್ಲಿಯೇ ಕಂಪನಿಯ ಸಂಸ್ಥಾಪಕರಲ್ಲೊಬ್ಬನಾದ ಮಸಾರು ಇಬುಕಾ ರೇಡಿಯೊ ಮಾಡಿಬಿಡೋಣ ಎಂದ. ಮಾಡುತ್ತ ಮಾಡುತ್ತ ಸರಿಹೋಗುತ್ತದೆ ಎಂಬುದು ಅವನ ಲೆಕ್ಕ. ಮೊದಲ ಮಾದರಿ ಟಿಆರ್-52ರ ಮುಂಬದಿಯ ಪ್ಲಾಸ್ಟಿಕ್ ಜಾಲರಿ ಸೆಕೆಗೆ ಉಬ್ಬಿ ಎದ್ದುಬಂತು. ಅದನ್ನು ಮಾರದೆ ಕೈಬಿಟ್ಟರು. 1955ರ ಆಗಸ್ಟ್‌ನಲ್ಲಿ ಟಿಆರ್-55 ಅಂಗಡಿಗೆ ಬಂತು. ನಮ್ಮ ಹಳ್ಳಿಗಳಲ್ಲಿ ‘ಟ್ರಾನ್ಸಿಸ್ಟರ್’ ಎಂದರೇ ರೇಡಿಯೊ ಎಂದಾದದ್ದು ಇಂಥ ಪೆಟ್ಟಿಗೆಗಳಿಂದ. ನಮ್ಮ ಮನೆಯಲ್ಲಿದ್ದದ್ದು, ಯಾವ ಕಂಪನಿಯದೋ ಬಿಡಿ, ನೆತ್ತಿಯ ಮೇಲೆ ಒಂದೇಟು ಹಾಕದೆ ಪ್ರದೇಶ ಸಮಾಚಾರ ಓದುತ್ತಿರಲಿಲ್ಲ. ಬೆಸುಗೆ ಬಿಟ್ಟಿರಬೇಕು. ಏಟು ಹಾಕುವುದೂ ರೇಡಿಯೊ ಕೇಳುವುದರ ಒಂದು ಭಾಗ ಎಂದೇ ನಾವು ತಿಳಿದಿದ್ದೆವು.

1957ರಲ್ಲಿ ಸೋನಿ ಕಾರ್ಖಾನೆಯಲ್ಲಿ ಟ್ರಾನ್ಸಿಸ್ಟರುಗಳು ಮತ್ತೆ ಗುಂಪುಗುಂಪಾಗಿ ಕೆಡತೊಡಗಿದವು. ಜೇಬಿನ ರೇಡಿಯೊಗೆಂದು ರಂಜಕ ಬೆರೆಸಿದ ಹೊಸ ಬಗೆಯ ಜರ್ಮೇನಿಯಮ್ ಬಳಸುತ್ತಿದ್ದರು. ರಂಜಕ ಎಷ್ಟಾದರೆ ಕೆಡುತ್ತದೆ ನೋಡೋಣವೆಂದು ಲಿಯೊ ಎಸಾಕಿ ಎಂಬ ಸಂಶೋಧಕ ಅದನ್ನು ಬೇಕೆಂದೇ ಹೆಚ್ಚಿಸುತ್ತ ಹೋದ. ಒಂದು ಹಂತದಲ್ಲಿ ವಿದ್ಯುತ್ತು ವಿಚಿತ್ರವಾಗಿ ವರ್ತಿಸಿತು. ವೋಲ್ಟೇಜು ಹೆಚ್ಚಿಸಿದರೆ ಪ್ರವಾಹ ಕಡಿಮೆಯಾಗುತ್ತಿತ್ತು. ದಾಟಲಾಗದ ಗೋಡೆಯನ್ನು ಎಲೆಕ್ಟ್ರಾನುಗಳು ಸುರಂಗ ಕೊರೆದಂತೆ ದಾಟಿ ಹೋಗುತ್ತಿದ್ದವು. 1973ರ ಭೌತವಿಜ್ಞಾನದ ನೊಬೆಲ್‌ನಲ್ಲಿ ಎಸಾಕಿಗೆ ಪಾಲು ಸಿಕ್ಕಿತು. ಕೆಟ್ಟ ಮಾಲನ್ನು ಬುಟ್ಟಿಗೆ ಎಸೆದು ಸುಮ್ಮನಿದ್ದರೆ ಅದು ಸಿಗುತ್ತಿರಲಿಲ್ಲ.

1962ರಲ್ಲಿ ಇನ್ನೊಂದು ಹೆಜ್ಜೆ. ಚಾರ್ಟು ಓದುವ ಕೆಲಸ ಎಂಜಿನಿಯರನಿಂದ ಕೆಲಸಗಾರರ ಕೈಗೆ ಬಂತು. ಪ್ರಾಧ್ಯಾಪಕ ಕವೊರು ಇಶಿಕಾವಾ ಮುಂದೆ ನಿಂತು ಕಟ್ಟಿದ ಕೆಲಸಗಾರರ ಗುಣಮಟ್ಟದ ಕೂಟಗಳಲ್ಲಿ ಮೊದಲು ನೋಂದಣಿಯಾದದ್ದು ಮತ್ಸುಯಾಮಾ ಊರಿನ ಟೆಲಿಫೋನ್ ಇಲಾಖೆಯ ಕೂಟ.

ಇಲ್ಲಿ ನಮ್ಮ ಕಡೆಯ ಒಂದು ಎಳೆಯೂ ಸೇರುತ್ತದೆ. ಬಳ್ಳಾರಿ ಸೀಮೆಯ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ಮಹಲನೋಬಿಸರ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದ್ದರು. ಹತ್ತಾರು ಅಂಶಗಳು ಒಟ್ಟಿಗೆ ಬೆರೆತಿರುವಾಗ ಯಾವುದರ ಪ್ರಭಾವ ಎಷ್ಟು ಎಂಬುದನ್ನು ಕೆಲವೇ ಪ್ರಯೋಗಗಳಲ್ಲಿ ಕಂಡುಹಿಡಿಯಲು ಒಂದು ಬಗೆಯ ಅಂಕಿಕೋಷ್ಟಕಗಳನ್ನು ಅವರು ರಚಿಸಿದ್ದರು. ಜಪಾನಿನ ಟೆಲಿಫೋನ್ ಪ್ರಯೋಗಾಲಯದ ಗೆನಿಚಿ ಟಗುಚಿ 1954-55ರಲ್ಲಿ ಅದೇ ಸಂಸ್ಥೆಗೆ ಅತಿಥಿ ಪ್ರಾಧ್ಯಾಪಕನಾಗಿ ಬಂದ. ಆ ಬಗೆಯ ಕೋಷ್ಟಕಗಳೇ ಮುಂದೆ ಟಗುಚಿ ವಿಧಾನದ ಬೆನ್ನೆಲುಬಾದವು. ಕಾರ್ಖಾನೆಯಲ್ಲಿ ದೋಷ ಹುಡುಕುವುದಲ್ಲ, ಏರುಪೇರಿಗೆ ಜಗ್ಗದಂಥ ವಸ್ತುವನ್ನು ನಕ್ಷೆಯಲ್ಲಿಯೇ ರೂಪಿಸಬೇಕೆಂಬುದು ಅವನ ವಾದ.

ಶೂಹಾರ್ಟ್ ಖುದ್ದಾಗಿ ಭಾರತಕ್ಕೆ ಬಂದಿದ್ದ ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಮಹಲನೋಬಿಸರ ಕರೆಗೆ ಓಗೊಟ್ಟು 1947ರ ಕೊನೆಗೆ ಬಂದವನು 1948ರ ಆರಂಭದ ತಿಂಗಳುಗಳನ್ನು ಇಲ್ಲಿ ಕಳೆದ. ಜಪಾನಿಗೆ ಡೆಮಿಂಗ್ ಪಾಠ ಹೇಳಲು ಹೋದದ್ದಕ್ಕಿಂತ ಎರಡು ವರ್ಷ ಮೊದಲು! ಅದೇ 1948ರಲ್ಲಿ ಬೆಂಗಳೂರಿನಲ್ಲಿ ಐಟಿಐ ಟೆಲಿಫೋನ್ ಕಾರ್ಖಾನೆ ಹುಟ್ಟಿತು, 1954ರಲ್ಲಿ ಜಾಲಹಳ್ಳಿಯ ಬಿಇಎಲ್. ಸಂಖ್ಯಾಶಾಸ್ತ್ರ ಸಂಸ್ಥೆಯ ಗುಣನಿಯಂತ್ರಣ ಘಟಕವೂ 1950ರ ದಶಕದ ನಡುವೆ ಬೆಂಗಳೂರಿಗೆ ಬಂತು. ಗುರು ಇದ್ದ, ಗಣಿತ ಇತ್ತು, ಕೈಗಳೂ ಇದ್ದವು. ಇಲ್ಲದಿದ್ದದ್ದು ಬೇಡ ಎನ್ನಬಲ್ಲ ಗಿರಾಕಿ. ಅರ್ಜಿ ಹಾಕಿ ವರ್ಷಗಟ್ಟಲೆ ಕಾದವನ ಮನೆಗೆ ಫೋನು ಬಂದಾಗ ಅದಕ್ಕೆ ಅರಿಶಿನ-ಕುಂಕುಮ ಹಚ್ಚುತ್ತಾನೆಯೇ ಹೊರತು ದನಿ ಸರಿಯಿಲ್ಲವೆಂದು ವಾಪಸು ಕಳಿಸುತ್ತಾನೆಯೇ? ಜಪಾನೀಯನ ಮಾಲು ಸಮುದ್ರ ದಾಟಿ ಅಪರಿಚಿತರ ಅಂಗಡಿಯಲ್ಲಿ ನಿಲ್ಲಬೇಕಿತ್ತು. ವ್ಯತ್ಯಾಸ ಬಂದದ್ದು ಅಲ್ಲಿ ಎಂದು ನನ್ನ ಎಣಿಕೆ.

1974ರಲ್ಲಿ ಷಿಕಾಗೊ ಹೊರವಲಯದ ಫ್ರಾಂಕ್ಲಿನ್ ಪಾರ್ಕ್‌ನಲ್ಲಿದ್ದ ತನ್ನ ಟಿವಿ ಕಾರ್ಖಾನೆಯನ್ನು ಮೊಟೊರೋಲಾ ಮಾರಿತು. ಕೊಂಡದ್ದು ಮತ್ಸುಶಿತಾ. ಆಗ ಅದರ ಅಧ್ಯಕ್ಷನಾಗಿದ್ದವನು 1949ರ ತರಗತಿಯಲ್ಲಿ ಕೂತಿದ್ದ ಆ ಅಳಿಯ ಮಸಾಹರು. ಆ ಕಾರ್ಖಾನೆಯಲ್ಲಿ ನೂರು ಟಿವಿ ಮಾಡಿದರೆ 150ರಿಂದ 180 ದೋಷಗಳು ಸಿಗುತ್ತಿದ್ದವು. ಅಂದರೆ ಒಂದೊಂದರಲ್ಲಿ ಒಂದೂವರೆ! ಮೂರು-ನಾಲ್ಕು ವರ್ಷಗಳಲ್ಲಿ ಅದು ನೂರಕ್ಕೆ ಮೂರು-ನಾಲ್ಕಕ್ಕೆ ಇಳಿಯಿತು. ದುಡಿಯುತ್ತಿದ್ದವರು ಹೆಚ್ಚಿನ ಪಾಲು ಅದೇ ಅಮೆರಿಕನ್ನರು. ಬದಲಾದದ್ದು ಟಿವಿಯ ವಿನ್ಯಾಸ, ಯಂತ್ರಗಳು, ಮೇಲಿನವರು. ಈ ಲೆಕ್ಕವನ್ನು ಜಗತ್ತಿಗೆ ಹೇಳಿದವನು ಜೋಸೆಫ್ ಜುರಾನ್. 1924ರಲ್ಲಿ ಹಾಥಾರ್ನ್‌ನ ತಪಾಸಣೆ ವಿಭಾಗಕ್ಕೆ ಸೇರಿದ್ದ ಹುಡುಗ ಅವನು.

1979ರಲ್ಲಿ ಜಪಾನಿನ ಪತ್ರಿಕೆಯೊಂದು ಇನ್ನೊಂದು ಸಂಗತಿ ಬಯಲು ಮಾಡಿತು. ಒಂದೇ ನಕ್ಷೆಯ ಸೋನಿ ಟಿವಿಗಳು ಟೋಕಿಯೊದಲ್ಲಿಯೂ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿಯೂ ತಯಾರಾಗುತ್ತಿದ್ದವು. ಗಿರಾಕಿಗಳಿಗೆ ಟೋಕಿಯೊದ್ದೇ ಬೇಕು. ವಿಚಿತ್ರವೆಂದರೆ ಸ್ಯಾನ್ ಡಿಯಾಗೊದಲ್ಲಿ ಬಣ್ಣದ ಅಳತೆ ಮಿತಿ ಮೀರಿದ ಟಿವಿ ಒಂದೂ ಹೊರಬೀಳುತ್ತಿರಲಿಲ್ಲ, ಟೋಕಿಯೊದಲ್ಲಿ ಸಾವಿರಕ್ಕೆ ಮೂರು ಮೀರುತ್ತಿದ್ದವು. ಗುಟ್ಟು ಇಷ್ಟೇ: ಟೋಕಿಯೊದವರು ನಡುಬಿಂದುವಿಗೆ ಗುರಿಯಿಟ್ಟು ಮಾಡುತ್ತಿದ್ದರು, ಬಹುಪಾಲು ಟಿವಿಗಳು ಅದರ ಸುತ್ತಲೇ ಇದ್ದವು. ಸ್ಯಾನ್ ಡಿಯಾಗೊದವರು ಗೆರೆಯೊಳಗಿದ್ದರೆ ಸಾಕು ಎಂದು ಅಂಚಿನಲ್ಲಿದ್ದವನ್ನೂ ಪಾಸು ಮಾಡುತ್ತಿದ್ದರು. ಮೂವತ್ತೈದಕ್ಕೆ ಪಾಸಾದವನೂ ಪಾಸೇ, ಆದರೆ ಅವನಿಂದ ಲೆಕ್ಕ ಬರೆಸಲು ಯಾರಿಗೆ ಧೈರ್ಯ?

ಕೊನೆಯ ಏಟು ಬಿದ್ದದ್ದು 1980ರ ಮಾರ್ಚ್‌ನಲ್ಲಿ. ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ರಿಚರ್ಡ್ ಆಂಡರ್ಸನ್ ವಾಷಿಂಗ್ಟನ್ ಸಭೆಯೊಂದರಲ್ಲಿ ಎದ್ದು ನಿಂತು ತನ್ನ ಕಂಪನಿ ಕೊಂಡ ಮೂರು ಲಕ್ಷ ಮೆಮೊರಿ ಚಿಪ್‌ಗಳ ಲೆಕ್ಕ ಓದಿದ. ಮೂರು ಅಮೆರಿಕನ್ ಕಂಪನಿಗಳು, ಮೂರು ಜಪಾನಿ ಕಂಪನಿಗಳು. ಮಾಲು ಬಂದಾಗ ಮಾಡಿದ ಪರೀಕ್ಷೆಯಲ್ಲಿ ಅಮೆರಿಕದವುಗಳಲ್ಲಿ ಕೆಲವು ಕೆಟ್ಟಿದ್ದವು. ಜಪಾನಿನವು ಸೊನ್ನೆ. ಸಾವಿರ ಗಂಟೆ ಓಡಿಸಿದ ಮೇಲೆ ಅಮೆರಿಕದವು ಕೆಡುವ ಪ್ರಮಾಣ ಜಪಾನಿನದಕ್ಕಿಂತ ಹಲವು ಪಟ್ಟು ಹೆಚ್ಚಾಗಿತ್ತು. ಅಮೆರಿಕನ್ ಚಿಪ್ ಸಾಕಷ್ಟು ಸಿಗದ ಕಾಲದಲ್ಲಿ ಅನುಮಾನಿಸುತ್ತಲೇ ಜಪಾನಿನ ಚಿಪ್ ಕೊಂಡವರ ಲೆಕ್ಕ ಇದು. ಅದೇ ವರ್ಷದ ಜೂನ್ 24ರಂದು ಎನ್‌ಬಿಸಿ ಟಿವಿ ಜಪಾನಿನ ಈ ಏಳಿಗೆಯ ಬಗ್ಗೆ ಒಂದು ಸಾಕ್ಷ್ಯಚಿತ್ರ ತೋರಿಸಿತು. ಅಮೆರಿಕನ್ನರು ಡೆಮಿಂಗ್ ಮುಖ ನೋಡಿದ್ದು ಆಗ. ಅವನಿಗೆ 79 ವರ್ಷ. ವಾಷಿಂಗ್ಟನ್ನಿನ ಮನೆಯಲ್ಲಿದ್ದವನಿಗೆ ಮರುದಿನದಿಂದ ಫೋನು ನಿಲ್ಲಲಿಲ್ಲ.

ಹಾಥಾರ್ನ್ ಕಾರ್ಖಾನೆ 1983ರಲ್ಲಿ ಮುಚ್ಚಿತು. ಅಮೆರಿಕ ತನ್ನದೇ ಗುಣಮಟ್ಟ ಪ್ರಶಸ್ತಿಗೆ, ಬಾಲ್ಡ್ರಿಜ್ ಹೆಸರಿನಲ್ಲಿ, ಕಾಯಿದೆ ಮಾಡಿದ್ದು 1987ರಲ್ಲಿ, ಜಪಾನಿನಲ್ಲಿ ಡೆಮಿಂಗ್ ಪ್ರಶಸ್ತಿ ಹುಟ್ಟಿ 36 ವರ್ಷಗಳಾದ ಮೇಲೆ. 1988ರಲ್ಲಿ ಅದನ್ನು ಮೊದಲ ಸಲ ಕೊಟ್ಟಾಗ ಪಡೆದವರಲ್ಲಿ ಒಂದು ಕಂಪನಿ ಮೊಟೊರೋಲಾ, ಫ್ರಾಂಕ್ಲಿನ್ ಪಾರ್ಕ್‌ನ ಟಿವಿ ಕಾರ್ಖಾನೆಯನ್ನು ಮಾರಿ ಕೈತೊಳೆದುಕೊಂಡಿದ್ದ ಅದೇ ಮೊಟೊರೋಲಾ.